ಮೇಷ್ಟ್ರ ಮನೆಯ ಹಾರ್ಡ್ ಡಿಸ್ಕ್ ಚರ್ಚೆ

ಎದುರಿನವರು ಮಾತಾಡುತ್ತಿರುವಾಗ ನಮ್ಮ ಮೇಷ್ಟ್ರ ಎಡಹುಬ್ಬು ಮಾತ್ರ ಮೇಲೇಳುತ್ತಿತ್ತು. ಬಲಗಡೆಯದು ಇದ್ದಲ್ಲೇ ಇರುತ್ತಿತ್ತು. ಪೊದೆಯಂಥ ನರೆತ ಹುಬ್ಬು. ಅದು ಕನ್ನಡಕದ ಚೌಕಟ್ಟು ದಾಟಿ ಹಣೆಗೆ ಹತ್ತಿತೆಂದರೆ ಎದುರಾಳಿಯ ವಾದದಲ್ಲಿ ತೂತು ಸಿಕ್ಕಿದೆ ಅಂತಲೇ ಅರ್ಥ. ಶಿವಮೊಗ್ಗದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಆ ಹುಬ್ಬನ್ನು ನೆನೆದರು. ನೆನೆದು, "ಸರ್ ಒಂದು ಚರ್ಚೆಯಲ್ಲೂ ಸೋತವರಲ್ಲ" ಅಂದರು. ಸಭೆಯ ಮರ್ಯಾದೆಗೆ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಬೇಕಾಗಿಲ್ಲ. ಸೋತಿದ್ದಾರೆ. ನಾನೇ ಕಣ್ಣಾರೆ ನೋಡಿದ್ದೇನೆ. ಸೋತು ಖುಷಿಪಟ್ಟಿದ್ದನ್ನೂ ನೋಡಿದ್ದೇನೆ.

ಕಾಲೇಜಿನಲ್ಲಿ ನನಗೆ ಚರ್ಚಾಸ್ಪರ್ಧೆ ಕಲಿಸಿದವರು ಅವರು. ನಮಗೆ ಇಷ್ಟವಿಲ್ಲದ ಪಕ್ಷವನ್ನೇ ಮೊದಲು ವಾದಿಸಲು ಹೇಳುತ್ತಿದ್ದರು. "ನಿನ್ನ ಪಕ್ಷ ನಿನಗೆ ಹೇಗೂ ಗೊತ್ತು ಮಾರಾಯ್ತಿ. ಅವನದ್ದನ್ನ ಅವನಿಗಿಂತ ಚೆನ್ನಾಗಿ ಹೇಳು ನೋಡೋಣ." ನಿವೃತ್ತರಾದ ಮೇಲೂ ಈ ಚಟ ಬಿಡಲಿಲ್ಲ. ಭದ್ರಾವತಿಯ ಅವರ ಮನೆಯಲ್ಲಿ ಮಿಕ್ಸಿ ಕೊಳ್ಳುವುದಕ್ಕೂ ಚರ್ಚೆ ನಡೆಯಬೇಕು. ಪರ ಒಬ್ಬರು, ವಿರೋಧ ಒಬ್ಬರು, ಆ ಹೊತ್ತಿಗೆ ಯಾರು ಮನೆಗೆ ಬಂದರೋ ಅವರೇ ತೀರ್ಪುಗಾರರು. ಕರೆಂಟಿನ ಮೀಟರ್ ನೋಡಲು ಬಂದವರೊಬ್ಬರು ಕುಕ್ಕರಿನ ವಿಷಯದಲ್ಲಿ ತೀರ್ಪು ಕೊಟ್ಟು ಹೋಗಿದ್ದರಂತೆ. ಸಮಯ ಮುಗಿದರೆ ತೀರ್ಪುಗಾರರು ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿಯಬೇಕು.

ಅವರ ಎದುರಾಳಿ ಯಾವಾಗಲೂ ಅವರ ಹೆಂಡತಿಯೇ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ನಮಗೆಲ್ಲ ಟೀಚರ್. ಮಾತನ್ನು ಉದ್ದ ಎಳೆಯುವುದು ಅವರಿಗೆ ಆಗದು. ಹಾಗಾಗಿ ಆ ಮನೆಯ ಮಿಕ್ಸಿ, ಕುಕ್ಕರ್, ಕಿಟಕಿಯ ಪರದೆಯ ಬಣ್ಣ, ಎಲ್ಲವೂ ಮೇಷ್ಟ್ರ ಗೆಲುವುಗಳೇ.

ಆ ಭಾನುವಾರ ಕಂಪ್ಯೂಟರಿನ ಸರದಿ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದ ಹೊಳೆಹೊನ್ನೂರು ಕಡೆಯ ಕೆಲವು ಮಕ್ಕಳಿಗೆ ಟೀಚರ್ ಸಂಜೆ ಆನ್‌ಲೈನಿನಲ್ಲಿ ಪಾಠ ಹೇಳುತ್ತಿದ್ದರು. ಮರುಪರೀಕ್ಷೆ ಹತ್ತಿರ ಬಂದಿತ್ತು. ಕಂಪ್ಯೂಟರಿನ ಹಳೇ ಹಾರ್ಡ್ ಡಿಸ್ಕ್ ಕಟಕಟ ಅನ್ನತೊಡಗಿತ್ತು. ಸ್ವಿಚ್ ಹಾಕಿ ಅನ್ನಕ್ಕಿಟ್ಟು ಬಂದರೂ ಅದಿನ್ನೂ ಏಳುತ್ತಲೇ ಇರುತ್ತಿತ್ತು. ಹಿಂದಿನ ವಾರ ತ್ರಿಕೋನಮಿತಿಯ ನಡುವೆ ಎಲ್ಲ ನಿಂತುಹೋಗಿ, ಮಕ್ಕಳು ಕಾದು ಕಾದು ಒಬ್ಬೊಬ್ಬರೇ ಹೋಗಿಬಿಟ್ಟಿದ್ದರು.

"ಒಂದು ಸಲ ಫೇಲಾದ ಮಕ್ಕಳು ಕಣೇ. ಇನ್ನೊಂದು ಕ್ಲಾಸ್ ಹೀಗಾದ್ರೆ ಪರೀಕ್ಷೆನೇ ಬಿಟ್ಬಿಡ್ತಾರೆ" ಅಂದರು ಟೀಚರ್ ನನಗೆ. ಸೋಮವಾರ ಸಂಜೆಯೊಳಗೆ ಹೊಸ ಡಿಸ್ಕ್ ಕೂರಲೇಬೇಕು.

ಯಾವುದು ಅನ್ನುವುದೇ ಪ್ರಶ್ನೆ. ಇಬ್ಬರ ಮನಸ್ಸಿನಲ್ಲಿದ್ದದ್ದೂ ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಯೇ. ತಗುಲಿಸುವ ಬಗೆ ಮಾತ್ರ ಬೇರೆ. ಸಾಟಾ ಆದರೆ ಹಳೇ ಡಿಸ್ಕಿನ ಕೇಬಲ್ಲಿಗೇ ಸೇರುತ್ತದೆ. ಎನ್‌ವಿಎಂಇ ಆದರೆ ಬೆರಳುದ್ದದ ಪಟ್ಟಿ, ಕೇಬಲ್ಲಿಲ್ಲದೆ ಮದರ್‌ಬೋರ್ಡಿಗೇ ಕೂರುತ್ತದೆ, ವೇಗವೂ ಹಲವು ಪಟ್ಟು. ಮೇಷ್ಟ್ರು ಎನ್‌ವಿಎಂಇ ಪರ, ಟೀಚರ್ ಸಾಟಾ ಪರ. ಶಿವಮೊಗ್ಗದ ಆಲ್ಕೊಳದಿಂದ ಊಟಕ್ಕೆಂದು ಹೋಗಿದ್ದ ನಾನು ತೀರ್ಪುಗಾರ್ತಿ.

ಮೇಷ್ಟ್ರು ಎದ್ದು ನಿಂತು ಪಂಚೆ ಸರಿಮಾಡಿಕೊಂಡರು. "ತೀರ್ಪುಗಾರರೇ, ಸಾಟಾ ಅನ್ನೋದು ತಿರುಗೋ ಡಿಸ್ಕಿಗೆ ಅಂತ ಹಾಕಿದ ರಸ್ತೆ. ಅದರ ಮೇಲೆ ಎಸ್‌ಎಸ್‌ಡಿ ಬಿಡೋದು, ಹೊಸ ಕಾರು ತಗೊಂಡು ಸಂಜೆ ಹೊತ್ತು ಆಲ್ಕೊಳ ಸರ್ಕಲ್ಲಿನಲ್ಲಿ ಸಿಕ್ಕಿಹಾಕ್ಕೊಂಡ ಹಾಗೆ."

"ನಾನು ಹಾಲಿನಂಗಡಿಗೆ ಹೋಗಿಬರೋಳು. ನನಗೆ ಹೈವೇ ಯಾಕ್ರೀ?" ಅಂದರು ಟೀಚರ್.

"ಮಾನ್ಯ ಎದುರಾಳಿಗಳು ಹಾಲಿನಂಗಡಿ ದಾಟಿ ಯೋಚನೆ ಮಾಡಬೇಕು."

"ಮಾನ್ಯ ಎದುರಾಳಿಗಳು ಒಂದು ದಿನ ಹಾಲು ತಂದುಕೊಡಲಿ, ಆಮೇಲೆ ದಾಟೋಣ."

ನಗು ತಡೆದುಕೊಂಡು ಲೋಟ ಬಾರಿಸಿದೆ. ಮೇಷ್ಟ್ರು ನಿಲ್ಲಲಿಲ್ಲ. ಮುಂದಿನ ಪಾಠಗಳು, ಮುಂದೆ ಬರುವ ಭಾರದ ತಂತ್ರಾಂಶಗಳು, ದೂರದೃಷ್ಟಿ, ಒಂದಾದ ಮೇಲೊಂದು ಪೋಣಿಸಿದರು. ಟೀಚರ್ ಹೇಳಿದ್ದು ಇಷ್ಟೇ: "ಇರೋ ಕೇಬಲ್ಲಿಗೆ ಸಿಗಿಸಿದ್ರೆ ನಾಳೆ ಪಾಠ ನಡೆಯುತ್ತೆ." ಚರ್ಚೆಯ ನಿಯಮದಂತೆ ಅಂಕ ಹಾಕಿದರೆ ಮೇಷ್ಟ್ರದೇ ಮೇಲುಗೈ. ಹಾಗೇ ತೀರ್ಪು ಕೊಟ್ಟೆ.

ಟೀಚರ್ ಎದ್ದು ಒಳಗೆ ಹೋದರು. ಬೇಸರವಾಯಿತೇನೋ ಅಂದುಕೊಂಡೆ. ಸ್ಕ್ರೂಡ್ರೈವರ್ ಹಿಡಿದು ಬಂದರು.

"ತೀರ್ಪಾಯ್ತಲ್ಲ, ಕಂಪ್ಯೂಟರ್ ಡಬ್ಬ ಬಿಚ್ಚಿ. ನಿಮ್ಮ ಪಟ್ಟಿ ಎಲ್ಲಿ ಕೂರುತ್ತೆ ತೋರಿಸಿ."

ಪಕ್ಕದ ತಗಡು ಸರಿಸಿ, ಧೂಳು ಊದಿ, ಫೋನಿನ ಟಾರ್ಚ್ ಬಿಟ್ಟು ಮೂವರೂ ಬಗ್ಗಿದೆವು. ಹಳೇ ಬೋರ್ಡು. ಎನ್‌ವಿಎಂಇ ಕೂರಿಸುವ ಜಾಗವೇ ಅದರಲ್ಲಿರಲಿಲ್ಲ. ಸಾಟಾ ಕೇಬಲ್ ಸಿಗಿಸುವ ಕಿಂಡಿಗಳು ಮಾತ್ರ ಸಾಲಾಗಿ ಖಾಲಿ ಬಿದ್ದಿದ್ದವು. ಹುಟ್ಟಾ ಚರ್ಚಾಪಟುಗಳಿಗೆ ಮಾತ್ರ ಸಾಧ್ಯವಾಗುವ ತಪ್ಪು ಇದು. ಡಬ್ಬ ಮಾರು ದೂರದಲ್ಲಿದೆ, ಅದರೊಳಗೆ ಏನು ಹಿಡಿಸುತ್ತದೆ ಅಂತ ನಾವು ಕುರ್ಚಿಯಲ್ಲಿ ಕೂತು ತೀರ್ಮಾನ ಮಾಡಿದ್ದೇವೆ!

"ಬೇರೆ ಕಾರ್ಡ್ ಹಾಕಿ ಅದರ ಮೇಲೆ ಕೂರಿಸಬಹುದಲ್ಲ" ಅಂದೆ. ಅಷ್ಟು ಸುಲಭವಾಗಿ ಒಪ್ಪುವ ಜಾತಿಯಲ್ಲ ನಾನು. ಟೀಚರ್ ಶಿವಮೊಗ್ಗದ ಅಂಗಡಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. "ಕೂರಿಸಬಹುದು ಮೇಡಂ, ಆದ್ರೆ ಇಷ್ಟು ಹಳೇ ಬೋರ್ಡು ಅದರಿಂದ ಆನ್ ಆಗೋದು ಡೌಟು. ಸುಮ್ನೆ ಸಾಟಾ ತಗೊಳ್ಳಿ" ಅಂದರು ಅಂಗಡಿಯವರು.

ಮೇಷ್ಟ್ರು ನೆಲದಲ್ಲೇ ಕೂತು, ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಿನ್ನ ತೀರ್ಪು ಸರಿ ಮಾರಾಯ್ತಿ, ನಾನು ಚೆನ್ನಾಗಿಯೇ ಮಾತಾಡಿದೆ. ಏನು ಮಾಡೋದು, ಡಬ್ಬಕ್ಕೆ ಕನ್ನಡ ಬರಲ್ಲ. ಇವಳೇ ಗೆದ್ದಿದ್ದು." ಎದ್ದು ಹೋಗಿ ಕಾಫಿ ತಾವೇ ಮಾಡಿದರು. ಸಕ್ಕರೆ ಜಾಸ್ತಿಯಾಗಿತ್ತು. ಯಾರೂ ಚರ್ಚೆಗೆತ್ತಲಿಲ್ಲ.

ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಶಿವಮೊಗ್ಗದಿಂದ ಸಾಟಾ ಡಿಸ್ಕ್ ತಂದವರೂ ಅವರೇ. ಸಂಜೆ ಪಾಠ ಹೊತ್ತಿಗೆ ಸರಿಯಾಗಿ ಶುರುವಾಯಿತಂತೆ. "ಮಿಸ್, ಇವತ್ತು ನಿಲ್ಲಲ್ಲ ತಾನೇ?" ಅಂತ ಒಬ್ಬಳು ಕೇಳಿದಳಂತೆ. ಮೇಷ್ಟ್ರು ಕ್ಯಾಮೆರಾಗೆ ಕಾಣದ ಹಾಗೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪಾಠ ಮುಗಿಯುವವರೆಗೂ ಕೂತಿದ್ದರಂತೆ. ಆ ಮಕ್ಕಳೆಲ್ಲ ಪರೀಕ್ಷೆಗೆ ಕೂತರು.

ಈಗಲೂ ವೇದಿಕೆ ಹತ್ತುವ ಮುಂಚೆ, ನಾನು ಯಾವುದರ ಬಗ್ಗೆ ಮಾತಾಡಬೇಕೋ ಅದು ಇರುವಲ್ಲಿಗೆ ಒಮ್ಮೆ ಹೋಗಿ ನೋಡಿ ಬರುತ್ತೇನೆ. ವಾದಿಸಲು ಕಲಿಸುವವರು ಬೇರೆಯವರೂ ಸಿಗಬಹುದಿತ್ತು. ಸೋತ ಮೇಲೆ ಹಾಗೆ ನಗುವುದನ್ನು ನಾನು ಇನ್ಯಾರಲ್ಲೂ ಕಾಣಲಿಲ್ಲ.

ಆದರೆ ನನ್ನದು ಅನುಮಾನದ ಬುದ್ಧಿ. ಮೊನ್ನೆ ಭದ್ರಾವತಿಗೆ ಹೋದಾಗ ಟೀಚರ್ ಮಾತಿಗೆ ಮಾತು ಬಂದು ಹೇಳಿದರು: ಆ ಕಂಪ್ಯೂಟರ್ ಜೋಡಿಸುವ ದಿನ ಮೇಷ್ಟ್ರು ಅಂಗಡಿಯಲ್ಲೇ ಕೂತು, ಬೋರ್ಡಿನ ಒಂದೊಂದು ಭಾಗವನ್ನೂ ಕೇಳಿ ತಿಳಿದುಕೊಂಡು ಬಂದಿದ್ದರಂತೆ. ಹಾಗಿದ್ದರೆ ಅದರಲ್ಲಿ ಏನಿದೆ, ಏನಿಲ್ಲ ಅವರಿಗೆ ಗೊತ್ತಿರಬೇಕಲ್ಲ? ಮರೆತಿದ್ದರು ಅನ್ನೋಣವೆಂದರೆ, ಎಂದೋ ಸ್ಪರ್ಧೆಯಲ್ಲಿ ನಾನು ತಪ್ಪಿದ ಒಂದು ವಾಕ್ಯವನ್ನು ಕೊನೆಯವರೆಗೂ ನೆನಪಿಟ್ಟುಕೊಂಡಿದ್ದ ಮನುಷ್ಯ. ಬೇಕಂತಲೇ ಸೋತರು ಅನ್ನೋಣವೆಂದರೆ, ಸೋಲಬೇಕು ಅಂದುಕೊಂಡವರು ಅಷ್ಟು ಚೆನ್ನಾಗಿ ಯಾಕೆ ವಾದಿಸುತ್ತಾರೆ? ಎರಡೂ ಕಡೆಯಿಂದ ವಾದಿಸಿ ನೋಡಿದೆ, ಬಗೆಹರಿಯಲಿಲ್ಲ. ಟೀಚರ್ ಪಾಠಕ್ಕೆ ಕೂರಲು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಕೇಳಿಯೇಬಿಟ್ಟೆ.

"ಟೀಚರ್, ಈ ಮನೇಲಿ ಒಂದು ಸಲವಾದ್ರೂ ನೀವು ಗೆಲ್ಲಲಿ ಅಂತಾನೇ ಸರ್ ಆ ಪಕ್ಷ ತಗೊಂಡಿದ್ರಾ?"