ಅಕ್ಕನ ಭರಣಿಗೆ ತುಂಬಿದ ಹಸಿರು

ಚರಕಿ ಕಾಕಾನ ನಾಲಗೆಯ ತುದಿ ಒಂದೊಂದು ದಿನ ಒಂದೊಂದು ಬಣ್ಣ. ಬೆಳಿಗ್ಗೆ ಇಟ್ಟಂಗಿಯಂತೆ ಕೆಂಪಗಿದ್ದದ್ದು ಸಂಜೆಗೆ ನೀಲಿ. ಮರದ ಸಾಮಾನಿಗೆ ತುಂಬುವ ಪುಡಿಯನ್ನು, ಗಾಜೊಂದನ್ನು ಬಿಟ್ಟು, ಮೊದಲು ನೆಕ್ಕಿ ನೋಡುವುದು ಅವರ ಪದ್ಧತಿ. ಉಗುಳಿಗೆ ಬಿಟ್ಟುಕೊಳ್ಳುವ ಬಣ್ಣ ಕೂಸಿನ ಗಿಲಕಿಗೆ ಬೇಡ ಎಂಬುದು ಅವರ ತರ್ಕ. ತರ್ಕ ಎಂದರೆ ನನಗೂ ಹಸಿವು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತಿನ ಬಿರುಕು ಹುಡುಕಲು ಕಲಿತಿದ್ದೆ. ಇಳಕಲ್ಲಿನ ನಮ್ಮ ಓಣಿಯ ಕೊನೆಗಿದ್ದ ಅವರ ಕಟ್ಟೆ ನನ್ನ ತಾಲೀಮಿನ ಜಾಗ.

ಎಪ್ಪತ್ತರ ದಶಕದ ಕೊನೆಯ ಮಾತು. ಮರ ಕಡೆಯುವ ಚರಕಿಗೆ ತುಂಡು ಕೊಟ್ಟು ತಿರುಗಿಸಿ ಕಾಕಾ ಲಟ್ಟಣಿಗೆ, ತೊಟ್ಟಿಲ ಕಾಲು, ಕುಂಕುಮದ ಭರಣಿ ಮಾಡುತ್ತಿದ್ದರು. ಅವುಗಳ ಮೈಸುತ್ತ ಸಣ್ಣ ಗೀರು ಕೊರೆದು, ಅರಗು ಕರಗಿಸಿ, ಬಣ್ಣದ ಪುಡಿ ತುಂಬಿ, ನುಣ್ಣಗೆ ಉಜ್ಜುವರು. ಯಾವ ಮರಕ್ಕೆ ಯಾವ ಪುಡಿ ಎಂಬುದರಲ್ಲಿತ್ತು ಅವರ ಜಂಬವೆಲ್ಲ. ಕಲ್ಲು ಕೊಯ್ಯುವಲ್ಲಿಂದ ಕೆಂಪು ಕಲ್ಲಿನ ಹಿಟ್ಟು, ಪಾತ್ರೆ-ಬಾಂಡೆ ಅಂಗಡಿಯಿಂದ ಹಿತ್ತಾಳೆಯ ಪುಡಿ, ಬಳೆಗಾರನ ಬುಟ್ಟಿಯಿಂದ ಗಾಜಿನ ಚೂರು. ತೇಗದ ಮೇಲೆ ಕೆಂಪು ನಿದ್ದೆ ಮಾಡುತ್ತದೆ, ಬೀಟಿಯ ಕಪ್ಪಿನ ಮೇಲೆ ಏಳುತ್ತದೆ ಎನ್ನುವರು. ಕಣ್ಣಿಗೆ ಕಾಣುವಂಥದ್ದು, ಒಪ್ಪಿದೆ. ಆದರೆ ಅಮಾವಾಸ್ಯೆಗೆ ಅರೆದ ಪುಡಿ ಹಿಡಿಯುವುದಿಲ್ಲ ಎಂದಾಗ ಬಿಡಲಿಲ್ಲ. ಮುಂದಿನ ಅಮಾವಾಸ್ಯೆಯಂದೇ ಅರೆದು, ಬುಗುರಿಯೊಂದಕ್ಕೆ ಅವರಿಂದಲೇ ತುಂಬಿಸಿ, ಕಟ್ಟೆಗೆ ಕುಕ್ಕಿ ತೋರಿಸಿದೆ. ಚೂರೂ ಉದುರಲಿಲ್ಲ.

"ಹಂಗಾರ ಪಂಚಾಂಗದಾಗ ತಪ್ಪೈತಿ ಬಿಡು," ಎಂದರು.

ಅಕ್ಕನ ಗಂಡ ತೀರಿಕೊಂಡು ಆಗ ವರ್ಷವಾಗಿತ್ತು. ಶರಣರ ಹೆಸರು ಹೇಳದೆ ಊಟಕ್ಕೆ ಕೂರದ ನಮ್ಮ ಮನೆಯಲ್ಲೇ ಹೆಂಗಸರು ಅವಳ ಹಸಿರು ಬಳೆ ಒಡೆದಿದ್ದರು. ಚೂರುಗಳನ್ನು ಆಯ್ದು ಕಟ್ಟಿಟ್ಟಿದ್ದಳೆಂದು ನನಗೇ ಗೊತ್ತಿರಲಿಲ್ಲ. ಒಂದು ದಿನ ಗಂಟನ್ನು ನನ್ನ ಕೈಗಿಟ್ಟು, ಇದನ್ನು ತುಂಬಿ ಒಂದು ಭರಣಿ ಮಾಡಿಸಿಕೊಂಡು ಬಾ ಎಂದಳು. ಯಾಕೆ ಎಂದು ಹೇಳಲಿಲ್ಲ. ಅವಳು ಏನನ್ನಾದರೂ ಬೇಕೆಂದು ಕೇಳಿದ್ದು ಆ ವರ್ಷದಲ್ಲಿ ಅದೇ ಮೊದಲು.

ಗಾಜು ಬಂದರೆ ಕಾಕಾ ಯಾರ ಬಳೆ ಎಂದು ಕೇಳದೆ ಮುಟ್ಟುತ್ತಿರಲಿಲ್ಲ. ತೊಡಿಸುವಾಗ ಒಡೆದದ್ದಾದರೆ ಮಾತ್ರ ತೆಗೆದುಕೊಳ್ಳುವರು. ಆ ನಂಬಿಕೆಯ ಮೇಲೇ ಮದುವೆ ಮನೆಯವರು ಅವರಲ್ಲಿ ಭರಣಿ ಕೊಳ್ಳುತ್ತಿದ್ದರು. ನಾನು ಇದ್ದದ್ದನ್ನು ಇದ್ದಂತೆ ಹೇಳಿ, ಗಾಜು ಎಂದರೆ ಮರಳು ಕರಗಿಸಿದ್ದು, ಅದಕ್ಕೆ ಮುತ್ತೈದೆ, ವಿಧವೆ ಗೊತ್ತಿಲ್ಲ ಎಂದು ಬಹುಮಾನ ಬರುವಂತೆ ವಾದಿಸಿದೆ.

ಕಾಕಾ ಪೂರ್ತಿ ಕೇಳಿದರು. "ಎಲ್ಲಾ ಗಾಜೂ ಒಂದ ಅಂದ್ರ ಪ್ಯಾಟ್ಯಾಗ ಹೊಸಾ ಬಳಿ ಸಿಗತಾವಲ್ಲೋ. ನಿಮ್ಮಕ್ಕ ಇವನ್ನ ಯಾಕ ಕಳಿಸ್ಯಾಳ?"

ಗಂಟನ್ನು ಹಾಗೇ ವಾಪಸು ತಂದೆ.

ಅವರ ಪ್ರಶ್ನೆಯನ್ನು ಅಕ್ಕನಿಗೆ ಹೇಳಿದೆ. ಮರುದಿನ ಹಗಲು ಹೊತ್ತಿನಲ್ಲೇ, ಓಣಿಯೆಲ್ಲ ನೋಡುವಂತೆ, ಅವಳು ಕಟ್ಟೆಗೆ ನಡೆದಳು. ಹಿಂದೆ ನಾನು.

"ಒಡದವ್ರು ಅವ್ರು, ಕಾಕಾ," ಎಂದಳು. "ಇಟ್ಕೊಂಡಾಕಿ ನಾ. ನನಗ ಇವೇ ಬೇಕು."

ಕಾಕಾ ಚರಕಿ ನಿಲ್ಲಿಸಿದರು. ಒಂದು ಚೂರನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಅವರು ಮಾತಾಡಿದ್ದು ಬಣ್ಣದ್ದೊಂದೇ. ಬೀಟಿಯಲ್ಲಿ ಹಸಿರು ಮುಳುಗಿಹೋಗುತ್ತದೆ, ಹಾಲೆಯ ಬಿಳಿ ಮರ ಇರಲಿ. ಎರಡೂ ಮಗ್ಗುಲಿಗೆ ಹಿತ್ತಾಳೆಯ ಎಳೆ ಬೇಕು, ಇಲ್ಲದಿದ್ದರೆ ಎಲೆಯ ರಸ ಚೆಲ್ಲಿದಂತೆ ಕಾಣುತ್ತದೆ. ಹಸಿರಿನ ಪಟ್ಟಿ ಒಳಗೋ, ಹೊರಗೋ ಎಂದು ಕೇಳಿದರು.

"ಹೊರಗ," ಎಂದಳು ಅಕ್ಕ.

ಕಾಕಾ ಬೇರೆ ಬಳೆಯ ಒಂದು ಕಣವನ್ನೂ ಬೆರೆಸಲಿಲ್ಲ. ಪುಡಿ ಸಾಲದೆ ಬಂದಾಗ ಪಟ್ಟಿಯನ್ನೇ ಸಣ್ಣದು ಮಾಡಿದರು. ಕೊಡುವ ದಿನ ಎದುರು ಮನೆಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಹೊಸ ಭರಣಿ ಕೊಡುವಾಗ ಚಿಟಿಕೆ ಕುಂಕುಮ ಹಾಕಿಕೊಡುವುದು ಕಾಕಾನ ಅಂಗಡಿಯ ರೂಢಿ. ಈಗೇನು ಮಾಡುತ್ತಾರೆ ಎಂದು ನೋಡುತ್ತಿದ್ದೆ. ಎಲ್ಲರಿಗೂ ಹಾಕುವಷ್ಟೇ ಹಾಕಿ, ಮುಚ್ಚಳ ತಿರುಗಿಸಿ, ಅಕ್ಕನ ಕೈಗೆ ಕೊಟ್ಟರು.

ಆ ಸಲದ ಮದುವೆಯ ಕಾಲಕ್ಕೆ ಕೆಲವರು ಭರಣಿಗೆ ಹುನಗುಂದಕ್ಕೆ ಹೋದರು. ಹೋಗಲಿ, ಅಲ್ಲಿಯ ಚರಕಿ ಸೊಟ್ಟ ತಿರುಗುತ್ತದೆ, ಮುಚ್ಚಳ ಕೂಡದಾಗ ನನ್ನ ನೆನಪಾಗುತ್ತದೆ ಎಂದು ಕಾಕಾ ಬೀಗಿದರು. ಕೆಲವರಿಗೆ ನೆನಪಾಗಲೇ ಇಲ್ಲ. ನಿಮಗೆ ನಷ್ಟವಾಯಿತಲ್ಲ ಎಂದರೆ, ನಾನು ಮಾತು ಬದಲಿಸುತ್ತಿದ್ದೇನೆಂದು ಆರೋಪಿಸಿ ಯಾವ ಮರಕ್ಕೆ ಹಳದಿ ಎಂಬ ಚರ್ಚೆಗೆ ಎಳೆಯುವರು.

ಹೋದ ವರ್ಷ, ತೀರ ಮುಪ್ಪಿನಲ್ಲಿ, ಕಾಕಾ ತೀರಿಕೊಂಡರು. ಸುದ್ದಿ ಬಂದಾಗ ಅಕ್ಕ ಮುಖ ತೊಳೆದು, ಭರಣಿ ತೆಗೆದು, ಹಣೆಗೆ ಕುಂಕುಮ ಇಟ್ಟುಕೊಂಡು ಹೊರಟಳು. ಓಣಿಯಲ್ಲಿ ಯಾರಾದರೂ ಏನಾದರೂ ಅಂದಾರೆಂದು ನಾನು ದಾರಿಯುದ್ದಕ್ಕೂ ಉತ್ತರ ಹೊಂದಿಸಿಕೊಳ್ಳುತ್ತ ನಡೆದೆ. ಅವಳು ನನಗಿಂತ ಮುಂದೆ ಇದ್ದಳು.