ಓದು ಬಂದ ಹುಡುಗರೆಲ್ಲ ಟಿ.ಸಿ. ಒಯ್ದರು

ಕೊರೋನಾ ಕಳೆದು ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ ವರ್ಷ, ಜೂನ್ ತಿಂಗಳಲ್ಲಿ ನಾನು ತೆಲುಗು ಸೀಮೆಯ ದೊಡ್ಡ ನಗರಕ್ಕೆ ಅಂಟಿಕೊಂಡ ಮಣಿಕೊಂಡದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಹೋದೆ. ನನ್ನ ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಒಂದರಿಂದ ಐದನೆಯ ತರಗತಿ, ನಾಲ್ಕು ಕೋಣೆ, ನನ್ನನ್ನೂ ಸೇರಿಸಿ ಮೂವರು ಶಿಕ್ಷಕಿಯರು. ಸುತ್ತ ಎತ್ತ ನೋಡಿದರೂ ಅಪಾರ್ಟ್‌ಮೆಂಟು. ಆ ಅಪಾರ್ಟ್‌ಮೆಂಟುಗಳ ಒಂದು ಮಗುವೂ ನಮ್ಮಲ್ಲಿಗೆ ಬರುತ್ತಿರಲಿಲ್ಲ. ಅವುಗಳನ್ನು ಕಟ್ಟುವವರ, ಕಾಯುವವರ, ಗುಡಿಸುವವರ ಮಕ್ಕಳು ಬರುತ್ತಿದ್ದರು. ಅರ್ಧದಷ್ಟು ಮಕ್ಕಳದ್ದು ತೆಲುಗು. ಉಳಿದವರು ಒಡಿಶಾದವರು, ಬಿಹಾರದವರು, ನಮ್ಮ ಯಾದಗಿರಿ, ರಾಯಚೂರು ಕಡೆಯವರು. ನಾನು ಅದೇ ನಗರದ ಹಳೆಯ ಪೇಟೆ ಬೇಗಂ ಬಜಾರಿನಲ್ಲಿ ಪಾತ್ರೆ ಅಂಗಡಿ ಇಟ್ಟ ಕಲಬುರಗಿ ಮನೆತನದವಳು. ಮನೆಯೊಳಗೆ ಕನ್ನಡ, ಹೊರಗೆ ತೆಲುಗು, ಹಿಂದಿ ಆಡುತ್ತ ಬೆಳೆದದ್ದರಿಂದ ಮಕ್ಕಳ ಮಾತು ನನಗೆ ಕಷ್ಟವಾಗಲಿಲ್ಲ.

ಮೊದಲ ವರ್ಷದ ಕೊನೆಗೆ ಐದನೆಯ ತರಗತಿಗೆ ಕಲಿಕಾ ಪರೀಕ್ಷೆ ನಡೆಯಿತು. ಮಗು ಒಂದು ಪ್ಯಾರಾ ತಡವರಿಸದೆ ಓದುತ್ತದೆಯೇ, ಭಾಗಾಕಾರ ಮಾಡುತ್ತದೆಯೇ ಎಂದು ಹೊರಗಿನವರು ಬಂದು ನೋಡುವ ಪರೀಕ್ಷೆ ಅದು. ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ ನಮ್ಮದೇ ಕೊನೆ. ಮುಖ್ಯೋಪಾಧ್ಯಾಯರ ಸಭೆಯಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, “ಮೇಡಂ, ನಿಮ್ಮಲ್ಲಿ ಪಾಠವೂ ನಡೆಯುತ್ತದೆಯೋ, ಬರೀ ಊಟ ಹಾಕಿ ಕಳಿಸುತ್ತೀರೋ?” ಎಂದು ತೆಲುಗಿನಲ್ಲಿ ಕೇಳಿದರು. ಸುತ್ತ ಕುಳಿತವರು ನಕ್ಕರು. ಮೂವತ್ತು ವರ್ಷ ಗಂಟಲು ಹರಿದುಕೊಂಡು ಪಾಠ ಹೇಳಿದವಳಿಗೆ ಈ ಮಾತು. ಮೈಯೆಲ್ಲ ಉರಿಯಿತು. ಬಸ್ಸಿನಲ್ಲಿ ಮನೆಗೆ ಬರುವಾಗ ಮನಸ್ಸಿನಲ್ಲೇ ಅವರಿಗೆ ಹತ್ತು ಉತ್ತರ ಕೊಟ್ಟೆ.

ನಮ್ಮಲ್ಲಿ ಏನಾಗುತ್ತಿತ್ತು ಎನ್ನುವುದು ಮರು ಜೂನಿನಲ್ಲಿ ನನ್ನ ಕಣ್ಣೆದುರೇ ನಡೆಯಿತು. ಶಾಲೆ ತೆರೆದ ವಾರವೇ ತಂದೆಯಂದಿರು ಒಬ್ಬೊಬ್ಬರಾಗಿ ಪೇಢೆಯ ಡಬ್ಬಿ ಹಿಡಿದು ಬಂದರು. ಮಗನಿಗೆ ಓದು ಬಂದಿದೆ ಎಂದು ಕೈಮುಗಿದು, ಪೇಢೆ ಕೊಟ್ಟು, ಟಿ.ಸಿ. ಕೇಳಿದರು. ಟಿ.ಸಿ. ಎಂದರೆ ಶಾಲೆ ಬಿಡಿಸಿ ಬೇರೆ ಶಾಲೆಗೆ ಸೇರಿಸಲು ಬೇಕಾಗುವ ವರ್ಗಾವಣೆ ಪತ್ರ. ಒಂದು, ಎರಡನೆಯ ತರಗತಿಯಲ್ಲಿ ನಮ್ಮ ಹತ್ತಿರ ಅಕ್ಷರ ತಿದ್ದಿಸುವುದು, ಓದು ಕುದುರಿತು ಎಂದ ಕೂಡಲೇ ಹುಡುಗನನ್ನು ಖಾಸಗಿ ಕಾನ್ವೆಂಟಿಗೆ ಒಯ್ಯುವುದು. ಅಷ್ಟರಲ್ಲಿ ಸರ್ಕಾರ ನಮ್ಮ ಶಾಲೆಯಲ್ಲೂ ಇಂಗ್ಲಿಷ್ ಮೀಡಿಯಂ ಶುರು ಮಾಡಿತ್ತು. ಬಾಯಿ ನೋವು ಬರುವಷ್ಟು ಹೇಳಿದೆ. ಟೈ ಇಲ್ಲದ ಇಂಗ್ಲಿಷನ್ನು ಯಾರೂ ಇಂಗ್ಲಿಷ್ ಎಂದು ನಂಬಲಿಲ್ಲ.

ಹಾಗೆ ಬಂದವರಲ್ಲಿ ಶರಣಪ್ಪನೂ ಒಬ್ಬ. ಯಾದಗಿರಿ ಕಡೆಯವನು, ಹತ್ತಿರದ ಅಪಾರ್ಟ್‌ಮೆಂಟಿನ ರಾತ್ರಿ ವಾಚ್‌ಮನ್. ಅವನ ಮಗ ಮಲ್ಲು ಎರಡನೆಯ ತರಗತಿ ಮುಗಿಸಿದ್ದ, ಮಗಳು ಭಾಗ್ಯ ಮೂರನೆಯದು.

“ಅಕ್ಕೋರ, ನಿಮ್ಮ ಉಪಕಾರ ಮರಿಯಂಗಿಲ್ಲರಿ. ಹುಡುಗ ಪೇಪರ್ ಓದಾಕತ್ಯಾನ. ಟಿ.ಸಿ. ಕೊಡ್ರಿ,” ಎಂದ.

“ಚಲೋ ಓದಾಕತ್ಯಾನ ಅಂತೀರಿ, ಮತ್ಯಾಕ ಬಿಡಸ್ತೀರಿ?”

“ಚಲೋ ಓದಾಕತ್ಯಾನ ಅಂತನ ಬಿಡಸಾಕತ್ತೀವ್ರಿ. ದಡ್ಡ ಇದ್ದಿದ್ರ ಇಲ್ಲೇ ಇರ್ತಿದ್ದ.”

ಅವನ ಮುಖದಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮಲ್ಲುವಿಗೆ ಸಂಜೆ ಹೊತ್ತು ವಾಚ್‌ಮನ್ ಕೋಣೆಯಲ್ಲಿ ಕೂರಿಸಿಕೊಂಡು ಅಕ್ಷರ ಕಲಿಸಿದವಳೇ ಭಾಗ್ಯ. ಒಂದು ಸಲ ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಳ್ಳದ ಹುಡುಗಿ. “ಭಾಗ್ಯಾ ಅವನಕಿಂತ ಶಾಣ್ಯಾಕಿ ಅದಾಳಲ್ಲ, ಅಕಿನ್ನ್ಯಾಕ ಒಯ್ಯಂಗಿಲ್ಲ?” ಎಂದೆ.

“ಅಕಿ ಹೆಣ್ಣುಹುಡುಗಿ ಬಿಡ್ರಿ. ಅಕಿಗೆ ನೀವು ಅದೀರಲ್ಲ.”

ಎರಡನೆಯ ವರ್ಷ ಪರೀಕ್ಷೆಗೆ ಕುಳಿತ ಐದನೆಯ ತರಗತಿಯಲ್ಲಿ ಹದಿನಾಲ್ಕು ಮಕ್ಕಳಿದ್ದರು. ಹನ್ನೊಂದು ಹುಡುಗಿಯರು. ಮೂವರು ಹುಡುಗರಲ್ಲಿ ಇಬ್ಬರು ದಸರಾ ಕಳೆದ ಮೇಲೆ ಒಡಿಶಾದಿಂದ ಬಂದವರು, ತೆಲುಗು ಕಿವಿಗೇ ಬೀಳದವರು. ಹುಡುಗಿಯರಲ್ಲಿ ನಾಲ್ವರು ತಮ್ಮ, ತಂಗಿಯರನ್ನು ಆಡಿಸಲು ವಾರಕ್ಕೆ ಎರಡು ದಿನ ಮನೆಯಲ್ಲೇ ಉಳಿಯುವವರು. ಮತ್ತೆ ನಾವೇ ಕೊನೆ. ಬಂದಾಗ ಹೇಗಿದ್ದರು, ಈಗ ಹೇಗಿದ್ದಾರೆ ಅದನ್ನಾದರೂ ನೋಡಿ ಎಂದು ಅಧಿಕಾರಿಯ ಎದುರು ಅಂಗಲಾಚಿದೆ. ಅದಕ್ಕೆ ನಮೂನೆಯಲ್ಲಿ ಜಾಗವಿಲ್ಲ ಎಂದರು. ಮುಂದಿನ ವರ್ಷ ಭಾಗ್ಯಳ ತಂಡ ಐದಕ್ಕೆ ಬರುತ್ತದೆ, ಒಂದು ವರ್ಷ ತಡೆಯಿರಿ ಎಂದೆ. ಕೆಲವೇ ದಿನಗಳಲ್ಲಿ ನಾಲ್ಕು, ಐದನೆಯ ತರಗತಿಗಳನ್ನು ಮುಖ್ಯರಸ್ತೆಯ ಆಚೆಗಿನ ಶಾಲೆಗೆ ಸೇರಿಸುವ ಪ್ರಸ್ತಾಪ ಬಂತು.

ಆ ರಸ್ತೆ ದಾಟಿಸಿ ಹೆಣ್ಣುಮಕ್ಕಳನ್ನು ಯಾರೂ ಕಳಿಸುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಪೋಷಕರ ಅಭಿಪ್ರಾಯ ಕೇಳಲು ಅಧಿಕಾರಿ ಶಾಲೆಗೇ ಬರುವವರಿದ್ದರು. ನಾನು ಮನೆಮನೆಗೆ ಹೋಗಿ ಎಲ್ಲರನ್ನೂ ಸೇರಿಸಿದೆ. ಹುಡುಗರನ್ನು ಬಿಡಿಸಿದವರ ಹೆಣ್ಣುಮಕ್ಕಳು ನಮ್ಮಲ್ಲೇ ಇದ್ದರಲ್ಲ, ಆ ತಂದೆಯಂದಿರೂ ಬಂದರು. ಶರಣಪ್ಪ ಎಲ್ಲರಿಗಿಂತ ಮೊದಲು ಎದ್ದು ತನ್ನ ಹರಕುಮುರುಕು ತೆಲುಗಿನಲ್ಲಿ, ಇದು ಬಹಳ ಒಳ್ಳೆಯ ಶಾಲೆ, ನನ್ನ ಮಗ ಇಲ್ಲಿ ಕಲಿತೇ ಕಾನ್ವೆಂಟಿನಲ್ಲಿ ಪಾಸಾದ ಎಂದ. ಇನ್ನೂ ನಾಲ್ವರು ಹಾಗೇ ಹೇಳಿದರು. ಅಧಿಕಾರಿ ಸಮಾಧಾನದಿಂದ ಕೇಳಿಸಿಕೊಂಡು, “ಇಷ್ಟು ಒಳ್ಳೆಯ ಶಾಲೆಯಾದರೆ ನಿಮ್ಮ ಹುಡುಗರು ಇಲ್ಲಿ ಯಾಕಿಲ್ಲ?” ಎಂದರು.

ಉತ್ತರ ನಾನೇ ಕೊಡಲಿ ಎನ್ನುವಂತೆ ಶರಣಪ್ಪ ನನ್ನ ಕಡೆ ನೋಡಿದ. ಕಳೆದ ಜೂನಿನಿಂದ ಅವನಿಗೆ ನಾನು ಕೇಳುತ್ತಿದ್ದ ಪ್ರಶ್ನೆಯನ್ನೇ ಅಧಿಕಾರಿ ಕೇಳಿದ್ದರು. ಬೇಸಿಗೆ ರಜೆಗೆ ಮುಂಚೆಯೇ ಆದೇಶ ಬಂತು.

ಜೂನಿನಲ್ಲಿ ಆಚೆ ಶಾಲೆಯ ಟೀಚರ್ ಫೋನ್ ಮಾಡಿ, ನಿಮ್ಮ ಹುಡುಗಿಯರಲ್ಲಿ ಆರು ಜನ ಬಂದಿಲ್ಲ ಎಂದರು. ಭಾಗ್ಯಳ ಹೆಸರೂ ಅದರಲ್ಲಿತ್ತು. ಸಂಜೆ ನೇರ ವಾಚ್‌ಮನ್ ಕೋಣೆಗೆ ಹೋದೆ. ಭಾಗ್ಯ ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳ ತಾಯಿ ಈರಮ್ಮ ರೊಟ್ಟಿ ತಟ್ಟುತ್ತಿದ್ದಳು.

“ಆ ರಸ್ತೆದಾಗ ಟಿಪ್ಪರ್, ಕ್ಯಾಬ್ ಹೆಂಗ ಓಡ್ತಾವ ನೋಡೀರೇನ್ರಿ? ಕಳಸಂಗಿಲ್ಲರಿ ಅಕ್ಕೋರ,” ಎಂದ ಶರಣಪ್ಪ. “ಅಕಿಗೆ ಓದಾಕ ಬರಿಯಾಕ ಬರ್ತೈತಿ. ಸಾಕು.”

“ಮಲ್ಲು ದಿನಾ ಅದೇ ರಸ್ತೆ ದಾಟ್ತಾನಲ್ಲ?”

“ಅವನು ವ್ಯಾನಿನಾಗ ಹೊಕ್ಕಾನ್ರಿ. ಅದು ಬ್ಯಾರೆ.”

ಕಡ್ಡಾಯ ಶಿಕ್ಷಣದ ಕಾನೂನು ಹೇಳಿದೆ, ಹುಡುಗಿಯ ಬುದ್ಧಿ ಹೇಳಿದೆ, ಕೊನೆಗೆ ಕೈಮುಗಿದೆ. ಗೋಡೆಗೆ ಮಾತಾಡಿದಂತಾಯಿತು. ನಾನು ಸೋತು ಏಳುವಷ್ಟರಲ್ಲಿ ಈರಮ್ಮ ರೊಟ್ಟಿ ತಟ್ಟುತ್ತಲೇ ಗಂಡನಿಗೆ ಕೇಳಿದಳು:

“ಬಿ ಬ್ಲಾಕಿನ್ಯಾಗ ನಾ ಅಡಿಗಿ ಮಾಡ್ತೀನಲ್ಲ, ಆ ಪಗಾರ ಎಲ್ಲಿಗೆ ಹೊಕ್ಕೈತಿ? ಅಕ್ಕೋರಿಗೆ ಹೇಳ್ರಿ.”

“ಮಲ್ಲುನ ಫೀಸಿಗೆ.”

“ಭಾಗ್ಯಾ ಸಾಲಿ ಬಿಟ್ಲಂದ್ರ ನಾ ಆ ಮನಿ ಕೆಲಸ ಬಿಡ್ತೀನಿ. ಇಬ್ರೂ ಮನ್ಯಾಗ ಕುಂದರ್ಲಿ.”

“ಹುಚ್ಚರಂಗ ಮಾತಾಡಬ್ಯಾಡ.”

“ಹುಚ್ಚಿ ಅಂತನ ತಿಳೀರಿ. ನಾಳೆ ಮುಂಜಾನಿ ಇಕಿ ಇಲ್ಲೇ ಇದ್ರ, ನಾನೂ ಇಲ್ಲೇ ಇರ್ತೀನಿ.”

ಮರುದಿನ ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿದ ಶರಣಪ್ಪ ನಿದ್ದೆಗಣ್ಣಿನಲ್ಲೇ ಮಗಳ ಕೈಹಿಡಿದು ರಸ್ತೆ ದಾಟಿಸಿದ. ಆ ವರ್ಷವಿಡೀ ದಾಟಿಸಿದ. ಉಳಿದ ಐವರಲ್ಲಿ ಇಬ್ಬರು ಅವನ ಜೊತೆಗೇ ಹೋದರು. ಮೂವರು ಹೋಗಲೇ ಇಲ್ಲ. ಅವರ ಮನೆಗೂ ಹೋಗಿದ್ದೆ. ಅಲ್ಲಿ ಯಾರೂ ಈರಮ್ಮನ ಹಾಗೆ ಮಾತಾಡಲಿಲ್ಲ.

ಭಾಗ್ಯ ಐದನೆಯ ತರಗತಿಯ ಪರೀಕ್ಷೆಯಲ್ಲಿ ಪ್ಯಾರಾ ಓದಿದಳು, ಭಾಗಾಕಾರ ಮಾಡಿದಳು. ಅದು ಆಚೆ ಶಾಲೆಯ ಲೆಕ್ಕಕ್ಕೆ ಹೋಯಿತು. ನಾನು ನಿವೃತ್ತಳಾಗುವ ಮೊದಲಿನ ಕೊನೆಯ ಸಭೆಯಲ್ಲಿ ಅದೇ ಅಧಿಕಾರಿ, “ಅಭಿನಂದನೆ ಮೇಡಂ, ಈ ಸಲ ಹಿಂದುಳಿದ ಶಾಲೆಗಳಲ್ಲಿ ನಿಮ್ಮ ಹೆಸರಿಲ್ಲ,” ಎಂದರು. “ಸಾರ್, ನಮ್ಮಲ್ಲಿ ಈಗ ಐದನೆಯ ತರಗತಿಯೇ ಇಲ್ಲ,” ಎಂದೆ. “ಹೌದಲ್ಲ,” ಎಂದು ಮುಂದಿನವರ ಕಡೆ ತಿರುಗಿದರು.

ಈಗ ಯಾರಾದರೂ ಒಂದು ಸರ್ಕಾರಿ ಶಾಲೆಯ ಫಲಿತಾಂಶ ಕೆಟ್ಟದಾಗಿದೆ ಎಂದರೆ, ಅಲ್ಲಿಂದ ಯಾರು ಹೋದರು, ಯಾರು ಉಳಿದರು ಎಂದು ಮೊದಲು ಕೇಳುತ್ತೇನೆ. ನೌಕರಿ ನನಗೆ ಕಲಿಸಿದ್ದು ಇನ್ನೊಂದಿದೆ. ಆ ಮನೆಯಲ್ಲಿ ಮಗಳ ಓದಿಗೆ ಅದರದೇ ಆದ ಬೆಲೆ ಇರಲಿಲ್ಲ. ಅದನ್ನು ಮಗನ ಫೀಸಿಗೆ ಕಟ್ಟಿಹಾಕಿದ ಮೇಲೆಯೇ ಅದು ಉಳಿಯಿತು. ಈರಮ್ಮನಿಗೆ ಇದು ಗೊತ್ತಿತ್ತು. ಅವಳಿಗೆ ಅದು ಗೊತ್ತಿರಬೇಕಾಗಿ ಬಂದದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.