ಕಪ್ಪಿನ ಕಿವಿಗೆ ಕಟ್ಟಿದ ದಾರ

ನಾನು ಚಿಕ್ಕವನಿದ್ದಾಗ, ಶಹಾಬಾದಿನ ನಮ್ಮ ಓಣಿಯ ಯಾವ ಮನೆಯಲ್ಲೂ ಇಪ್ಪತ್ತು ಮಂದಿಗೆ ಒಮ್ಮೆಲೇ ಚಹಾ ಕೊಡುವಷ್ಟು ಕಪ್ಪುಗಳಿರಲಿಲ್ಲ. ಕಾರ್ಯವಿದ್ದವರು ಅಕ್ಕಪಕ್ಕದ ಮನೆಗಳಿಂದ ತರುತ್ತಿದ್ದರು, ಮುಗಿದ ಮೇಲೆ ಮರಳಿಸುತ್ತಿದ್ದರು.

ನನ್ನ ತಮ್ಮನನ್ನು ತೊಟ್ಟಿಲಿಗೆ ಹಾಕುವ ದಿನ ಅವ್ವ ಇನ್ನೂ ಬಾಣಂತಿ. ಹಾಗಾಗಿ ಕಪ್ಪು ತರುವ ಹೊಣೆ ಅಕ್ಕನಿಗೆ ಬಂತು. ಅವಳಿಗೆ ಹದಿಮೂರು ವರ್ಷ, ನನಗೆ ಏಳು. ಮೂಲೆಮನೆಯ ಮುದುಕಿ ಆಯಿ ಕಪ್ಪು ಕೊಡುವ ಮೊದಲು ಅಕ್ಕನನ್ನು ಮೇಲಿಂದ ಕೆಳಗೆ ನೋಡಿದಳು.

"ಹೊತ್ತು ಮುಣುಗೋದ್ರೊಳಗ ನನ್ನ ಕಪ್ಪು ನನ್ನ ಮನ್ಯಾಗ ಇರಬೇಕು. ಬ್ಯಾರೆದವರ ಕಪ್ಪು ತಂದಿ ಅಂದ್ರ ಮುಂದ ನಿಮ್ಮ ಮನಿಗಿ ಸೌಟು ಸೈತ ಕೊಡಂಗಿಲ್ಲ."

"ನಿಮ್ಮವೇ ತಂದು ಕೊಡ್ತೀನ್ರಿ ಆಯಿ," ಎಂದಳು ಅಕ್ಕ.

ಐದು ಮನೆಗಳ ಬಿಳಿ ಪಿಂಗಾಣಿ ಕಪ್ಪುಗಳು ನೋಡಲು ಹೆಚ್ಚುಕಡಿಮೆ ಒಂದೇ ತರಹ. ಅಕ್ಕ ಪ್ರತಿ ಮನೆಗೆ ಒಂದೊಂದು ಬಣ್ಣದ ದಾರ ಆರಿಸಿ, ಕಪ್ಪಿನ ಕಿವಿಗೆ ಬಿಗಿಯಾಗಿ ಕಟ್ಟಿದಳು. ಆಯಿಯದು ಕೆಂಪು.

ಮಧ್ಯಾಹ್ನ ಅಂಗಳದ ಫರಸಿ ಕಲ್ಲುಹಾಸಿನ ಮೇಲೆ ಬಂದವರೆಲ್ಲ ಕುಳಿತು ಗುಗ್ಗರಿ ತಿಂದರು, ಶುಂಠಿ ಚಹಾ ಕುಡಿದರು. ಅಕ್ಕ ಬಸವಳಿದಿದ್ದಳು. ಅವಳಿಗೆ ನೆರವಾಗಲೆಂದು ನಾನೇ ಕಪ್ಪುಗಳನ್ನು ಹಿತ್ತಲಿಗೆ ಒಯ್ದು, ಬೂದಿ ಹಚ್ಚಿ ತಿಕ್ಕಿ ತೊಳೆದೆ. ಚಹಾ ಹತ್ತಿ ದಾರಗಳು ಹೊಲಸಾಗಿದ್ದವು. ಎಲ್ಲವನ್ನೂ ಬಿಚ್ಚಿ ಎಸೆದೆ.

ಬೋರಲು ಹಾಕಿದ್ದ ಕಪ್ಪುಗಳನ್ನು ನೋಡಿ ಅಕ್ಕ ಅಲ್ಲೇ ನಿಂತುಬಿಟ್ಟಳು. ನಾನು ಅಳತೊಡಗಿದೆ. ಅಪ್ಪ, "ಹ್ಯಾಂಗರ ಮಾಡಿ ಹಂಚಿ ಕೊಟ್ಟುಬಿಡವ್ವ," ಎಂದರು. ಅಕ್ಕ ಒಪ್ಪಲಿಲ್ಲ.

"ಅವರವೇ ಕೊಡ್ತೀನಂತ ಹೇಳೀನಪ್ಪ." ನನ್ನ ಕಡೆ ತಿರುಗಿದಳು. "ಅಳಾದು ಸಾಕು. ಓಡು, ಐದೂ ಮನಿಯವರಿಗಿ ಕರಕೊಂಡು ಬಾ. ಇನ್ನೊಮ್ಮಿ ಚಹಾ ಅದ ಅನ್ನು."

ಅವರು ಬರುವಷ್ಟರಲ್ಲಿ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಅಕ್ಕ ನಡೆದದ್ದನ್ನು ಮುಚ್ಚಿಡದೆ ಹೇಳಿ, ಕಪ್ಪುಗಳನ್ನು ಅವರ ಮುಂದಿಟ್ಟಳು. ಒಬ್ಬಾಕೆ ಅಂಚಿನ ಮುಕ್ಕನ್ನು ಬೆರಳಿನಿಂದ ಸವರಿ ತನ್ನದನ್ನು ಎತ್ತಿಕೊಂಡಳು. ಇನ್ನೊಬ್ಬಾಕೆ ತಳದ ಕಂದು ಕಲೆ ನೋಡಿದಳು. ಎರಡು ಮನೆಯವರು ಒಂದೇ ಕಪ್ಪಿಗೆ ಕೈ ಹಾಕಿ, ನಕ್ಕು, ಬೆಳಕಿಗೆ ಹಿಡಿದು ತೀರ್ಮಾನಿಸಿದರು. ಆಯಿ ಮಾತ್ರ ಒಂದೊಂದನ್ನೇ ತಿರುಗಿಸಿ ನೋಡುತ್ತಲೇ ಇದ್ದಳು.

"ನನ್ನವು ಇಷ್ಟು ಬೆಳ್ಳಗ ಎಲ್ಲಿದ್ದವು? ಈ ಹುಡುಗ ತಿಕ್ಕಿ ತಿಕ್ಕಿ ಗುರುತೇ ಸಿಗದಂಗ ಮಾಡ್ಯಾನ."

ಕೊನೆಗೆ ಒಳಗಿನ ಕೂದಲೆಳೆಯಷ್ಟು ಸೀಳು ನೋಡಿ ಒಂದನ್ನು ಗುರುತಿಸಿದಳು, ಮತ್ತೆ ಉಳಿದವನ್ನೂ. ಸೀಳಿನ ಕಪ್ಪಿನಲ್ಲೇ ಚಹಾ ಹಾಕಿಸಿಕೊಂಡು ಕುಡಿದು, ಅದನ್ನು ತೊಳೆಯದೇ ಉಳಿದವುಗಳ ಜೊತೆ ಸೆರಗಿನಡಿ ಇಟ್ಟುಕೊಂಡು ಎದ್ದಳು. ಇನ್ನೂ ಬಿಸಿಲಿತ್ತು.

"ಮನ್ಯಾಗ ನಾನೇ ತೊಳಕೋತೀನಿ. ಮುಂದಿನ ಕಾರ್ಯಕ್ಕೂ ಬಂದು ಒಯ್ಯವ್ವ. ಇವಗ ಮಾತ್ರ ತೊಳ್ಯಾಕ ಹಚ್ಚಬ್ಯಾಡ."

ಮೊಮ್ಮಕ್ಕಳೇ, ಹೋದ ತಿಂಗಳು ಸೇಡಂನ ನಿಮ್ಮ ಮನೆಯಲ್ಲಿ ನಿಮ್ಮ ಪುಟ್ಟ ತಂಗಿಯ ತೊಟ್ಟಿಲ ಕಾರ್ಯ ನಡೆಯಿತು. ಬಂದವರು ಕಾಗದದ ಕಪ್ಪಿನಲ್ಲಿ ಎರಡು ಗುಟುಕು ಚಹಾ ಕುಡಿದು ಎಸೆದರು. ಮರುದಿನ ಚರಂಡಿ ಕಟ್ಟಿಕೊಂಡು ನೀರು ಬಾಗಿಲಿಗೆ ಬಂತು. ಸಿಕ್ಕಿಕೊಂಡಿದ್ದ ಆ ಕಪ್ಪುಗಳನ್ನು ಕೋಲಿನಿಂದ ಎತ್ತಿ ಹಾಕಿದವನು ನಾನು. ಕಾಗದ ನೆನೆದಿದ್ದರೂ ಒಳಗಿನ ತೆಳು ಪ್ಲಾಸ್ಟಿಕ್ ಪದರ ಹಾಗೇ ಇತ್ತು. ಅಷ್ಟು ಕಪ್ಪುಗಳಲ್ಲಿ ಒಂದೂ ಯಾರದೂ ಆಗಿರಲಿಲ್ಲ.

ತಂಗಿಯ ಮೊದಲ ಕೂದಲು ತೆಗೆಸುವ ಜಾವಳಕ್ಕೆ ಕಾಗದದ ಕಪ್ಪು ಬೇಡವೆಂದು ನಿಮ್ಮ ಅಪ್ಪನಿಗೆ ಹೇಳಿದ್ದೇನೆ. "ತೊಳಿಯೋರ್ಯಾರು?" ಎಂದು ಕೇಳಿದ. ಓಣಿಯ ಮನೆಗಳಿಂದ ಕಪ್ಪು, ಸ್ಟೀಲಿನ ಲೋಟ ಕೇಳಿ ತರುವುದು, ಬಣ್ಣದ ದಾರ ಕಟ್ಟುವುದು ನಿಮ್ಮ ಕೆಲಸ. ತೊಳೆಯುವುದು ನನ್ನದು. ಈ ಸಲ ದಾರ ಬಿಚ್ಚುವುದಿಲ್ಲ.